ಒಪ್ಪಿ ಬೇರೆಯಾಗುವವರು ತಿಳಿದಿರಬೇಕಾದ ಕಾಯಿದೆ

ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರು ಹಲವರು. ಅವರ ಜೊತೆಗೆ, ಕೈಯಲ್ಲೊಂದು ಕಾಗದ ಹಿಡಿದು "ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ" ಎಂದು ಬರುವವರೂ ಇದ್ದಾರೆ. ನಾನು ವಕೀಲನಲ್ಲ. ವಕೀಲರ ಕಛೇರಿಯಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದವನು. ಆ ಕಾರಣದಿಂದ ಇಂಥ ಕಾಗದಗಳು ನನ್ನ ಮೇಜಿಗೆ ಬರುತ್ತವೆ.

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ಬಂದರು. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷಗಳ ಮೇಲಾಗಿದೆ. ಅವರು ತಂದದ್ದು ಒಂದು ಸ್ಟ್ಯಾಂಪ್ ಕಾಗದ. ಮಗಳು ಮತ್ತು ಅಳಿಯ ಊರಿನಲ್ಲಿ ಪಂಚರ ಎದುರಿಗೆ "ಇನ್ನು ಮುಂದೆ ನಮ್ಮಿಬ್ಬರಿಗೆ ಗಂಡಹೆಂಡಿರ ಸಂಬಂಧವಿಲ್ಲ" ಎಂದು ಬರೆದು ರುಜು ಹಾಕಿದ್ದರು. ಕೆಳಗೆ ನೋಟರಿಯ ಮೊಹರು.

"ಅಣ್ಣಾರ, ಮಗಳಿಗೆ ಬಿಡುಗಡೆ ಆಗೇತಿ. ಈಗ ಒಂದು ಒಳ್ಳೆ ಸಂಬಂಧ ಬಂದೈತಿ. ಹುಡುಗನ ಕಡೆಯವರು ಕಾಗದ ಕೇಳ್ಯಾರ. ಇದು ನಡಿತೈತೇನ್ರಿ?" ಎಂದು ಕೇಳಿದರು.

ನಡೆಯುವುದಿಲ್ಲ ಎಂದು ಹೇಳುವುದು ನನಗೆ ಸುಲಭವಾಗಲಿಲ್ಲ. ಮೂರು ವರ್ಷದಿಂದ ಮಗಳು ತವರಿನಲ್ಲಿದ್ದಾಳೆ. ಅಳಿಯನ ಕಡೆಯಿಂದಲೂ ತಕರಾರಿಲ್ಲ. ಆದರೂ ಕಾಯಿದೆಯ ಕಣ್ಣಿನಲ್ಲಿ ಆಕೆ ಇನ್ನೂ ಅವನ ಹೆಂಡತಿಯೇ. ಈ ಸ್ಥಿತಿಯಲ್ಲಿ ಎರಡನೆಯ ಮದುವೆ ನಡೆದರೆ ಆ ಮದುವೆ ಅಸಿಂಧು. ಅಷ್ಟೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ ೮೨ನೆಯ ಕಲಮಿನ ಪ್ರಕಾರ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಸದುದ್ದೇಶದಿಂದ ಹೊರಟ ಒಂದು ಮನೆತನ ಎಂಥ ಗಂಡಾಂತರದ ಅಂಚಿಗೆ ಬಂದು ನಿಂತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಇಂಥ ತಪ್ಪು ತಿಳಿವಳಿಕೆ ಅವರೊಬ್ಬರದೇ ಅಲ್ಲ. "ಇಬ್ಬರೂ ಒಪ್ಪಿದ ಮೇಲೆ ಕೋರ್ಟಿಗೇಕೆ ಹೋಗಬೇಕು?" ಎಂದು ಓದು ಬರಹ ಬಲ್ಲವರೂ ಕೇಳುತ್ತಾರೆ. ಆದ್ದರಿಂದ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಕಾಯಿದೆ ಏನೇನನ್ನು ಬೇಡುತ್ತದೆ, ಏಕೆ ಬೇಡುತ್ತದೆ ಎಂಬುದನ್ನು ಇಲ್ಲಿ ಸರಳವಾಗಿ ಬರೆದಿದ್ದೇನೆ.

ಕಾಯಿದೆ ಬಂದ ಬಗೆ

ಹಿಂದೂ ಧರ್ಮಶಾಸ್ತ್ರದ ಪ್ರಕಾರ ವಿವಾಹವು ಸಂಸ್ಕಾರ, ಅದಕ್ಕೆ ಬಿಡುಗಡೆಯೆಂಬುದಿರಲಿಲ್ಲ. ಆದರೆ ಅನೇಕ ಜಾತಿಗಳಲ್ಲಿ ರೂಢಿಯಿಂದ ಬಿಡುಗಡೆ ಇತ್ತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅದಕ್ಕೆ ಸೋಡಚೀಟಿ ಎನ್ನುತ್ತಿದ್ದರು. ಆಮೇಲೆ ಉಡಿಕೆಯ ಮದುವೆಯೂ ಆಗುತ್ತಿತ್ತು. ಶಾಸನದ ಮೂಲಕ ವಿಚ್ಛೇದನಕ್ಕೆ ಅವಕಾಶ ಮಾಡಿಕೊಟ್ಟ ಮೊದಲಿಗರಲ್ಲಿ ಬಡೋದೆಯ ಸಂಸ್ಥಾನ ಒಂದು, ಅದು ೧೯೩೧ರಲ್ಲಿ. ಮುಂಬಯಿ ಪ್ರಾಂತದಲ್ಲಿ ೧೯೪೭ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯಾಯಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿಗೇ ಸೇರಿದ್ದವು. ಮದರಾಸಿನಲ್ಲಿ ೧೯೪೯ರಲ್ಲಿ ಕಾಯಿದೆ ಬಂದಾಗ ಮಂಗಳೂರಿನ ಸೀಮೆಯೂ ಅದರೊಳಗಿತ್ತು.

ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದದ್ದು ೧೯೫೫ರ ಮೇ ೧೮ರಂದು. ಇದು ಹಿಂದೂ, ಬೌದ್ಧ, ಜೈನ, ಸಿಖ್ಖರೆಲ್ಲರಿಗೂ ಅನ್ವಯಿಸುತ್ತದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ೨ನೆಯ ಕಲಮಿನಲ್ಲಿ ಸ್ಪಷ್ಟವಾಗಿಯೇ ಇವೆ. ಪರಿಶಿಷ್ಟ ಪಂಗಡಗಳವರಿಗೆ ಮಾತ್ರ ಕೇಂದ್ರ ಸರಕಾರದ ಪ್ರತ್ಯೇಕ ಪ್ರಕಟಣೆಯಿಲ್ಲದೆ ಅನ್ವಯಿಸುವುದಿಲ್ಲ. ಮೊದಲಿನ ಈ ಕಾಯಿದೆಯಲ್ಲಿ ಒಬ್ಬರು ಇನ್ನೊಬ್ಬರ ದೋಷವನ್ನು ತೋರಿಸಿಕೊಟ್ಟರೆ ಮಾತ್ರ ವಿಚ್ಛೇದನ ಸಿಗುತ್ತಿತ್ತು. ಯಾರ ಮೇಲೂ ಕೆಸರೆರಚದೆ ಇಬ್ಬರೂ ಕೂಡಿ ಅರ್ಜಿ ಕೊಡುವ ದಾರಿ ತೆರೆದದ್ದು ೧೯೭೬ರ ತಿದ್ದುಪಡಿಯಲ್ಲಿ. ಆಗ ಸೇರಿಸಿದ್ದೇ ೧೩-ಬಿ ಕಲಮು.

ರೂಢಿಯ ಬಿಡುಗಡೆಯನ್ನು ಈ ಕಾಯಿದೆ ಪೂರ್ತಿ ಅಳಿಸಿಹಾಕಿಲ್ಲ. ೨೯ನೆಯ ಕಲಮು ಅದನ್ನು ಉಳಿಸಿದೆ. ಆದರೆ ಆ ರೂಢಿ ತಮ್ಮ ಜಾತಿಯಲ್ಲಿ ಬಹುಕಾಲದಿಂದ, ಒಂದೇ ರೀತಿಯಾಗಿ, ಎಡೆಬಿಡದೆ ನಡೆದುಬಂದಿದೆಯೆಂದು ಸಾಕ್ಷ್ಯ ಕೊಟ್ಟು ಸಿದ್ಧಪಡಿಸುವ ಹೊಣೆ, ಅದನ್ನು ನೆಚ್ಚಿಕೊಂಡವರ ಮೇಲೆಯೇ ಇದೆ. ಪಂಚರ ರುಜು, ನೋಟರಿಯ ಮೊಹರು ಇವೆರಡೂ ಆ ಕೊರತೆಯನ್ನು ತುಂಬಲಾರವು. ನೋಟರಿ ಸಾಕ್ಷಿ ಹೇಳುವುದು ರುಜು ಹಾಕಿದವರು ಇವರೇ ಎಂಬುದಕ್ಕೆ. ಮದುವೆಯನ್ನು ಮುರಿಯುವ ಅಧಿಕಾರ ಅವರಿಗಿಲ್ಲ.

ಮೂರು ಸಂಗತಿಗಳು

೧೩-ಬಿ ಕಲಮಿನ ಅರ್ಜಿಯಲ್ಲಿ ಮೂರು ಸಂಗತಿಗಳು ಇರಲೇಬೇಕು. ಒಂದು, ಗಂಡಹೆಂಡಿರು ಅರ್ಜಿಗಿಂತ ಮುಂಚೆ ಕನಿಷ್ಠ ಒಂದು ವರ್ಷ ಬೇರೆ ಬೇರೆಯಾಗಿ ಬಾಳಿರಬೇಕು. ಎರಡು, ಕೂಡಿ ಬಾಳುವುದು ಅವರಿಂದ ಆಗಿಲ್ಲ ಎಂಬುದು ಸ್ಪಷ್ಟವಾಗಿರಬೇಕು. ಮೂರು, ಮದುವೆಯನ್ನು ಮುಗಿಸಲು ಇಬ್ಬರೂ ಒಪ್ಪಿರಬೇಕು.

"ಬೇರೆಯಾಗಿ ಬಾಳುವುದು" ಎಂದರೆ ಬೇರೆ ಮನೆ ಮಾಡಲೇಬೇಕೆಂದಲ್ಲ. ಸುಪ್ರೀಂ ಕೋರ್ಟು ೧೯೯೧ರಲ್ಲಿಯೇ ಇದನ್ನು ತಿಳಿಯಾಗಿ ಹೇಳಿದೆ. ಒಂದೇ ಸೂರಿನಡಿ ಇದ್ದರೂ ಗಂಡಹೆಂಡಿರಂತೆ ಬಾಳದೆ ಇದ್ದರೆ ಅದೂ ಬೇರೆಯಾಗಿರುವುದೇ. ಎರಡನೆಯ ಕೋಣೆಗೆ ಬಾಡಿಗೆ ಕೊಡಲಾಗದೆ ಒಂದೇ ಮನೆಯಲ್ಲಿ ದಿನ ನೂಕುವ ಮುಂಬಯಿಯ ಜನರು ಈ ಮಾತನ್ನು ಲಕ್ಷ್ಯದಲ್ಲಿಡಬೇಕು.

ಒಂದು ವರ್ಷದ ಲೆಕ್ಕವನ್ನು ಇಂಗ್ಲಿಷ್ ತಾರೀಖಿನಿಂದಲೇ ಮಾಡಬೇಕು. "ಹೋದ ಯುಗಾದಿಗೆ ಬಿಟ್ಟು ಬಂದಳು, ಈ ಯುಗಾದಿಗೆ ವರ್ಷವಾಯಿತು" ಎಂಬ ಲೆಕ್ಕ ಇಲ್ಲಿ ಸಲ್ಲದು. ಅಧಿಕಮಾಸವಿಲ್ಲದ ಚಾಂದ್ರಮಾನ ವರ್ಷಕ್ಕೆ ಸುಮಾರು ೩೫೪ ದಿನಗಳೇ ಇರುವುದರಿಂದ ಹತ್ತು ಹನ್ನೊಂದು ದಿನ ಕಡಿಮೆಯಾಗಿ ಅರ್ಜಿಗೆ ತೊಡಕಾದೀತು. ಬೇರೆಯಾದ ತಾರೀಖನ್ನು ಇಬ್ಬರೂ ಒಂದೇ ರೀತಿಯಾಗಿ ಹೇಳಬೇಕು, ಅದು ಸತ್ಯವೂ ಆಗಿರಬೇಕು. ಅರ್ಜಿಯ ಮಾತುಗಳಿಗೆ ಪ್ರಮಾಣ ಮಾಡಬೇಕಾಗುತ್ತದೆ.

ಯಾವ ಊರಿನ ಕೋರ್ಟು?

ಹೊರನಾಡ ಕನ್ನಡಿಗರಿಗೆ ಮೊದಲು ಏಳುವ ಪ್ರಶ್ನೆ ಇದು. ಮದುವೆ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಆಗಿರುತ್ತದೆ, ಸಂಸಾರ ಪುಣೆಯಲ್ಲಿ ನಡೆದಿರುತ್ತದೆ, ಈಗ ಹೆಂಡತಿ ಮುಂಬಯಿಯಲ್ಲಿ ತಂದೆಯ ಮನೆಯಲ್ಲಿರುತ್ತಾಳೆ. ೧೯ನೆಯ ಕಲಮಿನ ಪ್ರಕಾರ ಮದುವೆ ನಡೆದ ಊರಿನಲ್ಲಿ ಅರ್ಜಿ ಹಾಕಬಹುದು, ಇಬ್ಬರೂ ಕೊನೆಗೆ ಕೂಡಿ ವಾಸಿಸಿದ ಊರಿನಲ್ಲಿಯೂ ಹಾಕಬಹುದು. ೨೦೦೩ರ ತಿದ್ದುಪಡಿಯ ನಂತರ, ಹೆಂಡತಿ ಅರ್ಜಿದಾರಳಾಗಿದ್ದರೆ ಆಕೆ ಈಗ ವಾಸಿಸುವ ಊರಿನಲ್ಲಿಯೂ ಹಾಕಬಹುದು. ಮೇಲಿನ ಉದಾಹರಣೆಯ ದಂಪತಿಗಳಿಗೆ ಮೂರೂ ಊರುಗಳು ತೆರೆದಿವೆ. ಯಾರಿಗೆ ರಜೆ ಸಿಗುವುದು ಕಷ್ಟ, ಯಾರ ಮಡಿಲಲ್ಲಿ ಕೂಸಿದೆ ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು. ಕುಟುಂಬ ನ್ಯಾಯಾಲಯ ಇರುವಲ್ಲಿ ಅರ್ಜಿ ಅಲ್ಲಿಗೇ ಹೋಗಬೇಕು. ಮುಂಬಯಿಯಲ್ಲಿ ಅದು ಬಾಂದ್ರಾದ ಪೂರ್ವದಲ್ಲಿದೆ. ಕುಟುಂಬ ನ್ಯಾಯಾಲಯ ಇಲ್ಲದ ಊರುಗಳಲ್ಲಿ ಸಿವಿಲ್ ಕೋರ್ಟು ಇದನ್ನು ನಡೆಸುತ್ತದೆ.

ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಅಸಾಮಾನ್ಯವಾದ ಸಂಕಟವಿದೆಯೆಂದು ತೋರಿಸಿದರೆ ಕೋರ್ಟು ೧೪ನೆಯ ಕಲಮಿನ ಪ್ರಕಾರ ವಿಶೇಷ ಅನುಮತಿ ಕೊಡಬಹುದು.

ಕಾಗದಪತ್ರಗಳು

ಮದುವೆಯ ನೋಂದಣಿ ಪತ್ರ ಇದ್ದರೆ ಅದರ ಪ್ರತಿ ಬೇಕು. ನೋಂದಣಿ ಆಗಿಲ್ಲವೆಂದು ಹೆದರಬೇಕಾಗಿಲ್ಲ. ನೋಂದಣಿ ಇಲ್ಲದ ಮಾತ್ರಕ್ಕೆ ಮದುವೆ ಸುಳ್ಳಾಗುವುದಿಲ್ಲವೆಂದು ಕಾಯಿದೆಯೇ ಹೇಳುತ್ತದೆ. ಆಗ ಲಗ್ನಪತ್ರಿಕೆ, ಧಾರೆಯ ಫೋಟೋ ಇವೆರಡನ್ನೂ ಇಬ್ಬರ ಪ್ರಮಾಣಪತ್ರದೊಡನೆ ಸೇರಿಸುತ್ತಾರೆ. ಇಬ್ಬರ ಗುರುತಿನ ಚೀಟಿ, ವಿಳಾಸದ ಪುರಾವೆ, ಪ್ರತ್ಯೇಕ ಫೋಟೋಗಳು, ಮಕ್ಕಳಿದ್ದರೆ ಅವರ ಜನನಪತ್ರ, ಮತ್ತು ಇಬ್ಬರೂ ರುಜು ಹಾಕಿದ ಒಪ್ಪಂದ ಪತ್ರ ಇವೂ ಬೇಕು. ಮೊದಲೇ ಬೇರೆ ಯಾವ ಕೋರ್ಟಿನಲ್ಲಾದರೂ ಅರ್ಜಿ ಇದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು.

ಒಪ್ಪಂದದಲ್ಲಿಯೇ ಇದೆ ಮುಂದಿನ ಬಾಳು

ಅರ್ಜಿಯ ಉಳಿದ ಭಾಗವನ್ನು ವಕೀಲರು ಬರೆದುಕೊಳ್ಳುತ್ತಾರೆ. ಒಪ್ಪಂದವನ್ನು ಮಾತ್ರ ನೀವೇ ಅಕ್ಷರ ಅಕ್ಷರವಾಗಿ ಓದಬೇಕು, ಇಲ್ಲವೆ ಓದಿಸಿ ಕೇಳಬೇಕು. ಇಲ್ಲಿ ಅದು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಭಾಷೆ ತಿಳಿಯದವರು "ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿದ ಮೇಲೆ ರುಜು ಹಾಕಿದ್ದೇನೆ" ಎಂಬ ಮಾತು ನಿಜವಾಗಿಯೂ ಆದ ಮೇಲೆಯೇ ರುಜು ಹಾಕಲಿ.

ಜೀವನಾಂಶ ಒಂದೇ ಗಂಟೋ, ತಿಂಗಳು ತಿಂಗಳಿಗೋ? ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ? ಇದನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು. "ಅನುಕೂಲ ನೋಡಿ ಕೊಡತಕ್ಕದ್ದು" ಎಂಬಂಥ ಮಾತಿಗೆ ಬೆಲೆಯಿಲ್ಲ. "ಜೀವನಾಂಶ ಬೇಡ" ಎಂಬ ಸಾಲು ಅನೇಕ ಕರಡುಗಳಲ್ಲಿ ಮೊದಲೇ ಅಚ್ಚಾಗಿರುತ್ತದೆ. ಬೇಗ ಮುಗಿದರೆ ಸಾಕೆಂಬ ಆಯಾಸದಲ್ಲಿ ಹೆಣ್ಣುಮಕ್ಕಳು ಅದಕ್ಕೆ ರುಜು ಹಾಕಿಬಿಡುತ್ತಾರೆ. ಸ್ವಂತ ಸಂಪಾದನೆಯುಳ್ಳವರು ತಿಳಿದೇ ಬೇಡವೆಂದರೆ ಅದು ಅವರ ಇಷ್ಟ. ತಿಳಿಯದೆ ಬಿಟ್ಟರೆ ಆಮೇಲೆ ಕೇಳುವುದು ಬಲು ಕಷ್ಟ.

ತವರಿನಿಂದ ಬಂದ ಒಡವೆ, ಪಾತ್ರೆ, ಉಡುಗೊರೆಗಳು ಸ್ತ್ರೀಧನ, ಅವು ಆಕೆಯವೇ. ಪಟ್ಟಿ ಮಾಡಿ, ತಂದುಕೊಂಡದ್ದು ಯಾವುದು, ಇನ್ನೂ ಬರಬೇಕಾದದ್ದು ಯಾವುದು ಎಂದು ಬೇರೆ ಬೇರೆ ಬರೆಯಬೇಕು. ಇಬ್ಬರ ಹೆಸರಿನಲ್ಲಿ ಮನೆಯಿದ್ದರೆ ಅದು ಯಾರಿಗೆ ಸೇರುವುದು, ಬ್ಯಾಂಕಿನ ಸಾಲದ ಕಂತು ಕಟ್ಟುವವರು ಯಾರು, ಹೆಸರು ಬದಲಾವಣೆ ಹೇಗೆ ಎಂಬುದನ್ನು ಮೊದಲೇ ವಿಚಾರಿಸಿ ಬರೆಸಬೇಕು. ಗಂಡಹೆಂಡಿರು ಏನೇ ಒಪ್ಪಿಕೊಂಡಿರಲಿ, ಸಾಲ ಕೊಟ್ಟ ಬ್ಯಾಂಕು ರುಜು ಹಾಕಿದ ಇಬ್ಬರನ್ನೂ ಹಿಡಿಯುತ್ತದೆ.

ಮಕ್ಕಳು ಯಾರ ಹತ್ತಿರ ಇರಬೇಕು, ಇನ್ನೊಬ್ಬರು ಯಾವ ದಿನ ಬಂದು ನೋಡಬೇಕು, ಬೇಸಿಗೆಯ ರಜೆಗೆ ಊರಿಗೆ ಕರೆದೊಯ್ಯುವವರು ಯಾರು, ಶಾಲೆಯ ಖರ್ಚು ಯಾರದು ಎಂಬುದೆಲ್ಲ ಸ್ಪಷ್ಟವಾಗಲಿ. ಒಂದು ಮಾತು ನೆನಪಿರಲಿ: ಮಗುವಿನ ಪೋಷಣೆ ಮಗುವಿನ ಹಕ್ಕು. ತಾಯಿಯಾಗಲಿ ತಂದೆಯಾಗಲಿ ಅದನ್ನು ಬಿಟ್ಟುಕೊಟ್ಟು ರಾಜಿಯಾಗಲು ಬರುವುದಿಲ್ಲ. ಮಕ್ಕಳ ಸಂಬಂಧದ ಆಜ್ಞೆಗಳನ್ನು ೨೬ನೆಯ ಕಲಮಿನಂತೆ ಕೋರ್ಟು ಮುಂದೆಯೂ ಬದಲಾಯಿಸಬಹುದು.

ಇನ್ನು ಪೊಲೀಸು ಠಾಣೆಯಲ್ಲಿ ಕೊಟ್ಟ ದೂರುಗಳು. ಇವು ವಿಚ್ಛೇದನದೊಡನೆ ತಾವಾಗಿ ಮುಗಿಯುವುದಿಲ್ಲ. ಕೆಲವನ್ನು ಹೈಕೋರ್ಟಿಗೆ ಹೋಗಿಯೇ ರದ್ದು ಮಾಡಿಸಬೇಕಾಗುತ್ತದೆ. ಆ ಕೆಲಸ ಯಾರು ಯಾವಾಗ ಮಾಡತಕ್ಕದ್ದೆಂಬುದೂ ಒಪ್ಪಂದದಲ್ಲಿರಬೇಕು.

ಎರಡು ಸಲ ಕೇಳುವುದೇಕೆ?

ಅರ್ಜಿ ದಾಖಲಾದ ಮೇಲೆ ಇಬ್ಬರೂ ಕೋರ್ಟಿಗೆ ಹಾಜರಾಗಿ ಹೇಳಿಕೆ ಕೊಡುತ್ತಾರೆ. ಕುಟುಂಬ ನ್ಯಾಯಾಲಯದಲ್ಲಿ ಸಮಾಲೋಚಕರು ಇಬ್ಬರೊಡನೆಯೂ ಮಾತನಾಡಿ ನೋಡುತ್ತಾರೆ. ಇದು ಮೊದಲ ಹಂತ. ಅನಂತರ ಅರ್ಜಿಯ ತಾರೀಖಿನಿಂದ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ಮೀರುವುದರೊಳಗೆ, ಇಬ್ಬರೂ ಮತ್ತೊಮ್ಮೆ ಬಂದು "ನಮ್ಮ ಮನಸ್ಸು ಬದಲಾಗಿಲ್ಲ" ಎಂದು ಹೇಳಬೇಕು. ನ್ಯಾಯಾಧೀಶರು ವಿಚಾರಿಸಿ, ಅರ್ಜಿಯ ಮಾತು ನಿಜವೆಂದೂ, ಒಪ್ಪಿಗೆ ಬಲಾತ್ಕಾರ, ಮೋಸ, ಒತ್ತಡಗಳಿಂದ ಬಂದದ್ದಲ್ಲವೆಂದೂ ಮನಗಂಡು ಡಿಕ್ರಿ ಕೊಡುತ್ತಾರೆ. ಡಿಕ್ರಿಯ ತಾರೀಖಿನಿಂದಲೇ ಮದುವೆ ಮುಗಿಯುತ್ತದೆ.

ಈ ಆರು ತಿಂಗಳು ಸುಮ್ಮನೆ ಇಟ್ಟದ್ದಲ್ಲ. ಸಿಟ್ಟಿನ ಭರದಲ್ಲಿ ಆದ ಒಪ್ಪಿಗೆ ತಣ್ಣಗಾಗಲಿ, ಹಿರಿಯರ ಬಲವಂತಕ್ಕೆ ರುಜು ಹಾಕಿದವರಿಗೆ ಬೇಡವೆನ್ನಲು ಸಮಯ ಸಿಗಲಿ ಎಂಬುದು ಇದರ ಉದ್ದೇಶ. ಅದರಂತೆಯೇ ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರೇ ಆಗಲಿ ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೆಂದು ಮೇಲೆ ಹೇಳಿದ ೧೯೯೧ರ ತೀರ್ಪು ಹೇಳಿದೆ. ಪಂಚರ ಎದುರಿನ ಸ್ಟ್ಯಾಂಪ್ ಕಾಗದಕ್ಕೂ ಕೋರ್ಟಿನ ಡಿಕ್ರಿಗೂ ಇರುವ ಮುಖ್ಯ ಭೇದ ಇದೇ. ಪಂಚರು ಕೇಳುವುದು ಒಂದೇ ಸಲ, ಅದೂ ಎಲ್ಲರೂ ಸುತ್ತ ಕುಳಿತಿರುವಾಗ. ಕೋರ್ಟು ಎರಡು ಸಲ ಕೇಳುತ್ತದೆ. ಕೇಳುವವರು ಯಾರ ಕಡೆಯ ನೆಂಟರೂ ಅಲ್ಲ.

ಹಣ ಕೊಡುವ ಕ್ರಮವನ್ನೂ ಇದಕ್ಕೆ ಹೊಂದಿಸಿಕೊಳ್ಳುವುದು ವಾಡಿಕೆ. ಒಂದು ಭಾಗ ಮೊದಲ ಹಂತದಲ್ಲಿ, ಉಳಿದದ್ದು ಎರಡನೆಯ ಹೇಳಿಕೆಯ ದಿನ ಕೋರ್ಟಿನಲ್ಲಿಯೇ. ಹೀಗಾದರೆ ಎರಡು ಕಡೆಯವರಿಗೂ ಭಯವಿರುವುದಿಲ್ಲ.

ಬಹುಕಾಲದಿಂದ ಬೇರೆಯಾಗಿರುವವರಿಗೆ ಈ ಆರು ತಿಂಗಳು ವೃಥಾ ಕಾಲಹರಣವೆನಿಸಬಹುದು. ಅದಕ್ಕೂ ಉಪಾಯವಿದೆ. ೨೦೧೭ರ ಸೆಪ್ಟೆಂಬರ್ ೧೨ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ, ಮೊದಲ ಹಂತಕ್ಕಿಂತ ಮುಂಚೆಯೇ ಒಟ್ಟು ಒಂದೂವರೆ ವರ್ಷ ಬೇರೆಯಾಗಿದ್ದು, ಕೂಡಿಸುವ ಪ್ರಯತ್ನಗಳೆಲ್ಲ ವಿಫಲವಾಗಿ, ಜೀವನಾಂಶ ಮಕ್ಕಳು ಮೊದಲಾದ ವಿಷಯಗಳೆಲ್ಲ ನಿಜವಾಗಿಯೂ ತೀರ್ಮಾನವಾಗಿ, ಕಾಯುವುದರಿಂದ ಸಂಕಟವಷ್ಟೇ ಬೆಳೆಯುವುದಾದರೆ, ಕೋರ್ಟು ಈ ಅವಧಿಯನ್ನು ಬಿಟ್ಟುಕೊಡಬಹುದು. ಮೊದಲ ಹಂತವಾಗಿ ಒಂದು ವಾರದ ಮೇಲೆ ಇದಕ್ಕಾಗಿ ಕಾರಣ ಕೊಟ್ಟು ಅರ್ಜಿ ಹಾಕಬೇಕು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಪರದೇಶದಲ್ಲಿರುವವರಿಗೆ ವಿಡಿಯೋ ಮೂಲಕ ಹಾಜರಾಗಲು, ತಕ್ಕ ಕಾರಣವಿದ್ದರೆ ತಂದೆತಾಯಿ ಅಥವಾ ಒಡಹುಟ್ಟಿದವರ ಮೂಲಕ ನಡೆಸಲು ಕೋರ್ಟು ಅನುಮತಿ ಕೊಡಬಹುದೆಂದೂ ಅದೇ ತೀರ್ಪಿನಲ್ಲಿದೆ.

ಒಪ್ಪಿಗೆ ಬೇರೆ, ಗೈರುಹಾಜರಿ ಬೇರೆ

"ಅವನು ತಕರಾರು ಮಾಡುವುದಿಲ್ಲ, ಆದರೆ ಕೋರ್ಟಿಗೂ ಬರುವುದಿಲ್ಲ" ಎನ್ನುವವರಿದ್ದಾರೆ. ಅದು ಪರಸ್ಪರ ಸಮ್ಮತಿಯಲ್ಲ. ಆಗ ೧೩ನೆಯ ಕಲಮಿನಂತೆ ಕ್ರೌರ್ಯ, ಎರಡು ವರ್ಷ ತೊರೆದಿರುವುದು ಮೊದಲಾದ ಯಾವುದಾದರೂ ಒಂದು ಕಾರಣ ತೋರಿಸಿ ಒಬ್ಬರೇ ಅರ್ಜಿ ಹಾಕಬೇಕು. ಸಮನ್ಸು ತಲಪಿಯೂ ಎದುರು ಪಕ್ಷದವರು ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ನಡೆಯುತ್ತದೆ. ಆಗಲೂ ಸಾಕ್ಷ್ಯ ಕೊಡಲೇಬೇಕು. ಸಮನ್ಸು ಸರಿಯಾಗಿ ಮುಟ್ಟಿರಲಿಲ್ಲವೆಂದು ಅವರು ಮುಂದೆ ಬಂದು ತೋರಿಸಿದರೆ ಆ ಡಿಕ್ರಿ ರದ್ದಾಗಲೂಬಹುದು. ಆದ್ದರಿಂದ ವಿಳಾಸವನ್ನು ಸರಿಯಾಗಿ ಕೊಡಬೇಕು.

ವಿಶೇಷ ವಿವಾಹ ಕಾಯಿದೆಯ ಪ್ರಕಾರ ರಿಜಿಸ್ಟ್ರಾರರ ಮುಂದೆ ಮದುವೆಯಾದವರಿಗೆ ಅದೇ ಕಾಯಿದೆಯ ೨೮ನೆಯ ಕಲಮು ಇದೆ. ನಿಬಂಧನೆಗಳು ಹೆಚ್ಚುಕಡಿಮೆ ಇವೇ. ಪಾರ್ಸಿಗಳಿಗೂ ಕ್ರೈಸ್ತರಿಗೂ ಅವರವರ ಕಾಯಿದೆಗಳಲ್ಲಿ ಇಂಥ ಕಲಮುಗಳು ಆಮೇಲೆ ಸೇರಿವೆ. ಕ್ರೈಸ್ತರ ಕಾಯಿದೆಯಲ್ಲಿ ಎರಡು ವರ್ಷ ಬೇರೆಯಾಗಿರಬೇಕೆಂದು ಬರೆದಿದ್ದರೂ ಹೈಕೋರ್ಟುಗಳ ತೀರ್ಪುಗಳು ಅದನ್ನು ಸಡಿಲಿಸಿರುವುದರಿಂದ ವಕೀಲರನ್ನು ಕೇಳಿ ಮುಂದುವರಿಯಬೇಕು.

ಡಿಕ್ರಿಯ ನಂತರ

ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಪುಕ್ಕಟೆಯಾಗಿ ಕೊಡಬೇಕೆಂದು ೨೩ನೆಯ ಕಲಮು ಹೇಳುತ್ತದೆ. ಅದನ್ನು ಜೋಪಾನವಾಗಿಡಿ, ಪಾಸ್‌ಪೋರ್ಟು, ಬ್ಯಾಂಕು, ಮರುಮದುವೆ ಎಲ್ಲಕ್ಕೂ ಅದೇ ಆಧಾರ. ಅಪೀಲಿಗೆ ಅವಕಾಶವಿಲ್ಲದಿದ್ದರೆ, ಅಥವಾ ಅಪೀಲಿನ ಅವಧಿ ಮುಗಿದ ಮೇಲೆ, ಮರುಮದುವೆಗೆ ಅಡ್ಡಿಯಿಲ್ಲ. ಕುಟುಂಬ ನ್ಯಾಯಾಲಯವು ಇಬ್ಬರ ಒಪ್ಪಿಗೆಯಿಂದ ಕೊಟ್ಟ ಡಿಕ್ರಿಗೆ ಅಪೀಲಿಲ್ಲ. ಹಾಗಿದ್ದರೂ ಮುಹೂರ್ತ ಇಡುವ ಮೊದಲು ಡಿಕ್ರಿಯನ್ನು ವಕೀಲರಿಗೆ ತೋರಿಸುವುದು ಲೇಸು.

ವಕೀಲರ ಫೀ ಕೊಡಲಾಗದವರು ಸುಮ್ಮನೆ ಕೂಡಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಕಲಮಿನಂತೆ ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಛೇರಿಯಲ್ಲಿ ವಿಚಾರಿಸಬಹುದು.

ಆ ತಾಯಿಗೆ ನಾನು ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. "ಹಂಗಾರ ಇದನ್ನ ಹರದು ಒಗೀಲೇನ್ರಿ?" ಎಂದರು. "ಬೇಡ ಅವ್ವಾರ, ಇಟ್ಟುಕೊಳ್ಳಿ. ಮದುವೆ ಮುರಿಯಲು ಇದು ಸಾಲದು. ಇಬ್ಬರೂ ಯಾವಾಗಿನಿಂದ ಬೇರೆ ಇದ್ದಾರೆ ಎನ್ನಲು ಇದರಲ್ಲಿಯ ತಾರೀಖು ಉಪಯೋಗಕ್ಕೆ ಬಂದೀತು" ಎಂದೆ. ಮರುವಾರ ಮಗಳನ್ನು ಕರೆದುಕೊಂಡು ಬಂದರು. ಆಕೆ ಒಪ್ಪಂದದ ಕರಡನ್ನು ತಾನೇ ಓದಿ, ಒಡವೆಯ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಎರಡು ಬಳೆಗಳನ್ನು ಬರೆಸಿದಳು. ಅಳಿಯ ಊರಿನಿಂದ ಬಂದು ರುಜು ಹಾಕಿದ್ದಾನೆ. ಮೂರು ವರ್ಷ ಬೇರೆಯಾಗಿದ್ದವರಾದ್ದರಿಂದ ಆರು ತಿಂಗಳ ಅವಧಿ ಬಿಡಿಸಿಕೊಳ್ಳುವ ಅರ್ಜಿಯನ್ನೂ ಹಾಕಲಿದ್ದಾರೆ. ಹುಡುಗನ ಕಡೆಯವರಿಗೆ ನಿಜ ಸಂಗತಿ ತಿಳಿಸಿದಾಗ, "ಡಿಕ್ರಿ ಬರಲಿ, ಕಾಯುತ್ತೇವೆ" ಎಂದರಂತೆ.

ಸಂಸಾರಗಳು ಕೂಡಿ ಬಾಳಲೆಂಬುದೇ ನಮ್ಮೆಲ್ಲರ ಹಾರೈಕೆ. ಬೇರೆಯಾಗಲೇಬೇಕಾದ ಪ್ರಸಂಗ ಬಂದಾಗ ಮಾತ್ರ ಅದು ಕಾಯಿದೆಯಂತೆ, ಇಬ್ಬರ ಮಾನಕ್ಕೂ ಕುಂದಿಲ್ಲದಂತೆ ಆಗಲಿ. ಹಿಂದೂ ವಿವಾಹ ಕಾಯಿದೆಯ ಒಂದು ಪ್ರತಿ ನಮ್ಮ ವಾಚನಾಲಯದ ಕಪಾಟಿನಲ್ಲಿದೆ. ರುಜು ಹಾಕುವ ಮುನ್ನ ಬಂದು ಓದಿರಿ. ಓದಲು ಬಾರದವರಿದ್ದರೆ ಕರೆದುಕೊಂಡು ಬನ್ನಿರಿ, ಓದಿ ಹೇಳುತ್ತೇವೆ.